ಅಂಗಚ್ಛೇದಕ್ಕೆ ಮೊದಲು ಕಾಲಿನ ರಕ್ತಸಂಚಾರವನ್ನು ವಿಕಿರಣದ್ರವ್ಯಗಳಿಂದ ನಿರ್ಣಯಿಸುವ ಕ್ರಮ

ಕಾಲು ಕೊಳೆತು ಪ್ರಾಣಕ್ಕೆ ಅಪಾಯವೊದಗಿರುವ ರೋಗಿಯಲ್ಲಿ ಅಂಗಚ್ಛೇದವು ಅನಿವಾರ್ಯವೆಂದು ನಿಶ್ಚಯವಾದ ತರುವಾಯ ಶಸ್ತ್ರವೈದ್ಯನ ಮುಂದೆ ಮತ್ತೊಂದು ಪ್ರಶ್ನೆ ನಿಲ್ಲುತ್ತದೆ. ಛೇದಿಸತಕ್ಕುದು ಎಲ್ಲಿ? ಬೆರಳಿನಲ್ಲಿಯೋ, ಪಾದದ ನಡುವೆಯೋ, ಮೊಣಕಾಲಿನ ಕೆಳಗೋ, ಅಥವಾ ತೊಡೆಯಲ್ಲಿಯೋ? ಮೊದಲನೆಯ ಪ್ರಶ್ನೆಗೆ ರೋಗವೇ ಉತ್ತರ ಹೇಳಿಬಿಡುತ್ತದೆ. ಎರಡನೆಯದಕ್ಕೆ ವೈದ್ಯನೇ ಉತ್ತರ ಹೇಳಬೇಕು. ಕೆಳಗೆ ಛೇದಿಸಿದರೆ ಅಂಗದ ಹೆಚ್ಚಿನ ಭಾಗ ಉಳಿಯುತ್ತದೆ. ಆದರೆ ಅಲ್ಲಿ ರಕ್ತ ಸಾಲದಿದ್ದರೆ ಗಾಯ ಮಾಯದೆ, ಮೊಂಡು ಮತ್ತೆ ಕೊಳೆತು, ಕೆಲವು ವಾರಗಳಲ್ಲಿ ಎರಡನೆಯ ಸಾರಿ, ಒಮ್ಮೊಮ್ಮೆ ಮೂರನೆಯ ಸಾರಿಯೂ ಶಸ್ತ್ರವನ್ನು ಹಿಡಿಯಬೇಕಾಗುತ್ತದೆ. ಮೊದಲೇ ಬಲಗುಂದಿದ ರೋಗಿಗೆ ಈ ಪುನಶ್ಛೇದವೇ ಮೃತ್ಯುಕಾರಣವಾಗುವುದೂ ಉಂಟು. ಮೇಲೆ ಛೇದಿಸಿದರೆ ಗಾಯ ಮಾಯುವುದೇನೋ ಬಹುಮಟ್ಟಿಗೆ ನಿಶ್ಚಯ. ಆದರೆ ಮೊಣಕಾಲಿನ ಕೀಲು ಹೋಗುತ್ತದೆ.

ಆ ಕೀಲಿನ ಬೆಲೆ ಎಷ್ಟೆಂಬುದನ್ನು ನಡಿಗೆಯ ಶ್ರಮವನ್ನು ಅಳೆದವರು ಲೆಕ್ಕಹಾಕಿದ್ದಾರೆ. ಮೊಣಕಾಲಿನ ಕೆಳಗೆ ಛೇದವಾದವನು ಕೃತಕ ಕಾಲಿನಿಂದ ನಡೆಯುವಾಗ ಸಹಜವಾದ ನಡಿಗೆಗಿಂತ ಸುಮಾರು ಶೇಕಡಾ 25ರಿಂದ 40ರಷ್ಟು ಹೆಚ್ಚಿನ ಶಕ್ತಿಯನ್ನು ವ್ಯಯಮಾಡುತ್ತಾನೆ. ತೊಡೆಯಲ್ಲಿ ಛೇದವಾದವನಿಗೆ ಈ ಹೆಚ್ಚಳವು ಶೇಕಡಾ 60ನ್ನು ಮೀರುತ್ತದೆ. ಹೃದಯವೂ ಕೃಶವಾಗಿರುವ ವೃದ್ಧನಿಗೆ ಇಷ್ಟು ಶ್ರಮ ಅಸಾಧ್ಯವಾದುದರಿಂದ, ತೊಡೆಯ ಛೇದವಾದವರಲ್ಲಿ ಬಹುಮಂದಿ ಮತ್ತೆ ನಡೆಯುವುದೇ ಇಲ್ಲ. ಜಯಪುರದಲ್ಲಿ 1968ರ ಸುಮಾರಿನಲ್ಲಿ ಶಿಲ್ಪಿಯಾದ ರಾಮಚಂದ್ರ ಶರ್ಮರೂ ಡಾಕ್ಟರ್ ಪಿ. ಕೆ. ಸೇಥಿಯವರೂ ಕೂಡಿ ನಿರ್ಮಿಸಿದ ಪಾದವನ್ನು ಧರಿಸಿ ನಮ್ಮ ದೇಶದ ರೈತನು ಬರಿಗಾಲಿನಲ್ಲಿ ನಡೆದಂತೆ ಕೆಸರಿನಲ್ಲಿ ನಡೆಯಬಲ್ಲನು, ಕುಕ್ಕರುಗಾಲಿನಲ್ಲಿ ಕೂಡಬಲ್ಲನು. ಆದರೆ ಕುಕ್ಕರುಗಾಲಿನಲ್ಲಿ ಕೂಡುವುದಕ್ಕೆ ಮೊಣಕಾಲು ಅವನದೇ ಆಗಿರಬೇಕಷ್ಟೆ. ಒಂದು ಗೇಣಿನ ಅಂತರದಲ್ಲಿ ಒಬ್ಬ ಮನುಷ್ಯನ ಜೀವನೋಪಾಯವು ನಿಂತಿರುವಾಗ, ಆ ಅಂತರವನ್ನು ಊಹೆಯಿಂದ ನಿರ್ಣಯಿಸಿದರೆ ಸಾಲದು, ಪ್ರಮಾಣ ಬೇಕು. ವಿಕಿರಣದ್ರವ್ಯಗಳಿಂದ ಇಂಥ ಪ್ರಮಾಣ ಎಷ್ಟರಮಟ್ಟಿಗೆ ದೊರೆಯುತ್ತದೆಂಬುದೇ ಪ್ರಕೃತ ವಿಚಾರ.

ಛೇದದ ಸ್ಥಾನವನ್ನು ಕುರಿತ ಚರ್ಚೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ, ಮರ್ಮಗಳನ್ನು ನಿರೂಪಿಸುವ ಸಂದರ್ಭದಲ್ಲಿ, ಕ್ಷಿಪ್ರ ಮತ್ತು ತಲಹೃದಯವೆಂಬ ಮರ್ಮಗಳಿಗೆ ಏಟು ಬಿದ್ದರೆ ಕೈಯನ್ನು ಮಣಿಬಂಧದಲ್ಲಿಯೂ ಕಾಲನ್ನು ಗುಲ್ಫದಲ್ಲಿಯೂ ಕೂಡಲೆ ಛೇದಿಸಬೇಕೆಂಬ ವಿಧಿಯಿದೆ. ಹಾಗೆ ಛೇದಿಸಿದಾಗ ಸಿರೆಗಳು ಸಂಕೋಚಗೊಂಡು ರಕ್ತವು ಅಲ್ಪವಾಗಿ ಹೊರಡುವುದರಿಂದ, ಕೊಂಬೆ ಕಡಿದ ಮರವು ಉಳಿಯುವಂತೆ ಮನುಷ್ಯನು ಬದುಕುವನೆಂಬುದು ಅಲ್ಲಿ ಹೇಳಿರುವ ಯುಕ್ತಿ. ಆದರೆ ಅಲ್ಲಿಯ ವಿಷಯ ಬೇರೆ, ಇಲ್ಲಿಯ ವಿಷಯ ಬೇರೆ. ಅಲ್ಲಿ ಭಯವಿರುವುದು ರಕ್ತ ಹೆಚ್ಚಾಗಿ ಹೊರಹೋಗುವುದರಿಂದ. ಇಲ್ಲಿ ರಕ್ತ ಒಳಕ್ಕೆ ಬಾರದಿರುವುದರಿಂದ. ಪ್ರಾಚೀನ ಗ್ರಂಥದಲ್ಲಿ ಆಧುನಿಕ ವಿಧಾನದ ಬೀಜವನ್ನು ಹುಡುಕುವ ಚಪಲಕ್ಕೆ ಇಲ್ಲಿ ಅವಕಾಶವಿಲ್ಲ.

ರಕ್ತ ಬಾರದಿರುವುದಕ್ಕೆ ಕಾರಣಗಳು ಮುಖ್ಯವಾಗಿ ಮೂರು. ವಯಸ್ಸಾದಂತೆ ಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನಂಥ ಪದಾರ್ಥ ಸೇರಿ ದಾರಿ ಕಿರಿದಾಗುವುದು ಮೊದಲನೆಯದು. ಮಧುಮೇಹವು ಎರಡನೆಯದು, ಇದು ಮೊಣಕಾಲಿನಿಂದ ಕೆಳಗಿನ ಸಣ್ಣ ಧಮನಿಗಳನ್ನು ವಿಶೇಷವಾಗಿ ಹಿಡಿಯುವುದಲ್ಲದೆ, ನರಗಳನ್ನೂ ಕೆಡಿಸಿ, ಅಂಗಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದಂತೆ ಮಾಡುತ್ತದೆ. ಮೂರನೆಯದು, ನ್ಯೂಯಾರ್ಕಿನ ಲಿಯೊ ಬ್ಯುರ್ಗರ್ ಎಂಬ ವೈದ್ಯನು 1908ರಲ್ಲಿ ವಿವರಿಸಿದ ರೋಗ. ತಂಬಾಕಿನ ಬಳಕೆಯುಳ್ಳ ತರುಣರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬೀಡಿಯ ಅಭ್ಯಾಸವಿರುವ ಪ್ರಾಂತಗಳ ವೈದ್ಯರಿಗೆ ಇದರ ಪರಿಚಯ ಚೆನ್ನಾಗಿ ಉಂಟು.

ಈಗ ಪ್ರಚಾರದಲ್ಲಿರುವ ಪರೀಕ್ಷೆಗಳನ್ನು ನೋಡೋಣ. ಪಾದದ ಮೇಲೆ ಬೆರಳಿಟ್ಟು ನಾಡಿಯನ್ನು ನೋಡುವುದು ಎಲ್ಲಕ್ಕಿಂತ ಹಳೆಯದು. ಅದರ ತರುವಾಯದ್ದು, ಕಾಲಿನ ಹರಡಿನಲ್ಲಿಯ ರಕ್ತದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುವ ಕ್ರಮ. ಭಾಗಲಬ್ಧವು 0.9ಕ್ಕಿಂತ ಕಡಿಮೆಯಾದರೆ ಧಮನಿಯಲ್ಲಿ ತಡೆಯುಂಟೆಂದು ತಿಳಿಯತಕ್ಕುದು, 0.4ಕ್ಕಿಂತ ಕೆಳಗಿಳಿದರೆ ಕಾಲು ಅಪಾಯದಲ್ಲಿದೆ. ಈ ಕ್ರಮಕ್ಕೆ ಕೊಳವೆಪಟ್ಟಿ ಮತ್ತು ಶಬ್ದತರಂಗದ ಸಣ್ಣದೊಂದು ಯಂತ್ರ ಇಷ್ಟಿದ್ದರೆ ಸಾಕು. ಆದರೆ ಮಧುಮೇಹಿಯ ಧಮನಿಗಳಲ್ಲಿ ಸುಣ್ಣದ ಅಂಶ ಸೇರಿ ಅವು ಬಿದಿರಿನ ಕೊಳವೆಗಳಂತೆ ಗಡುಸಾಗಿರುತ್ತವೆ. ಪಟ್ಟಿಯನ್ನು ಎಷ್ಟು ಬಿಗಿದರೂ ಅವು ಅಮುಕಿಕೊಳ್ಳುವುದಿಲ್ಲ. ಆಗ ಭಾಗಲಬ್ಧವು 1.4ನ್ನೂ ಮೀರಿ, ಸಾಯುತ್ತಿರುವ ಪಾದವನ್ನು ಆರೋಗ್ಯವಾದುದೆಂದು ತೋರಿಸುತ್ತದೆ. ನೈಯಾಯಿಕರು ಇದನ್ನು ಹೇತ್ವಾಭಾಸವೆನ್ನುವರು. ಒತ್ತಡ ಹೆಚ್ಚಿದ್ದಲ್ಲಿ ರಕ್ತವಿದೆಯೆಂಬ ವ್ಯಾಪ್ತಿಯು ಮೆತುವಾದ ನಾಳಗಳಲ್ಲಿ ನಿಲ್ಲುತ್ತದೆ, ಗಡುಸಾದವುಗಳಲ್ಲಿ ಮುರಿಯುತ್ತದೆ. ಹೆಬ್ಬೆರಳಿನ ಒತ್ತಡವನ್ನು ಅಳೆಯುವುದು ಇದಕ್ಕಿಂತ ಮೇಲು. ಆದರೆ ಎಷ್ಟೋ ಮಂದಿಯಲ್ಲಿ ಆ ಬೆರಳೇ ಮೊದಲು ಹೋಗಿರುತ್ತದೆ.

ಇನ್ನು ಧಮನಿಗಳಿಗೆ ಬಣ್ಣದ ದ್ರವವನ್ನು ಸೇರಿಸಿ ಕ್ಷಕಿರಣದಿಂದ ಚಿತ್ರ ತೆಗೆಯುವುದುಂಟು. ಇದರಲ್ಲಿ ತಡೆ ಎಲ್ಲಿದೆಯೆಂಬುದು ಸ್ಪಷ್ಟವಾಗಿ ಕಾಣುತ್ತದೆ. ನಾಳವನ್ನು ಸರಿಪಡಿಸಬೇಕೆಂದಿರುವವನಿಗೆ ಈ ಚಿತ್ರವಿಲ್ಲದೆ ನಡೆಯದು. ಆದರೆ ಛೇದಿಸಬೇಕಾದವನ ಪ್ರಶ್ನೆ ಬೇರೆ. ಆಯುರ್ವೇದದ ವ್ಯಾಖ್ಯಾನಕಾರರು ರಸವು ಧಾತುಗಳನ್ನು ಪೋಷಿಸುವ ಬಗೆಯನ್ನು ವಿವರಿಸುವಾಗ ಕೇದಾರೀಕುಲ್ಯಾನ್ಯಾಯವೆಂಬುದನ್ನು ಹೇಳುತ್ತಾರೆ: ಕಾಲುವೆಯ ನೀರು ಒಂದು ಮಡಿಯನ್ನು ನೆನೆಸಿ ಮುಂದಿನ ಮಡಿಗೆ ಹರಿಯುವಂತೆ ರಸವೂ ಹರಿಯುತ್ತದೆಂದು. ಈ ದೃಷ್ಟಾಂತವನ್ನೇ ಇಲ್ಲಿ ತೆಗೆದುಕೊಳ್ಳಬಹುದು. ಧಮನಿಯ ಚಿತ್ರವು ಕಾಲುವೆಯನ್ನು ತೋರಿಸುತ್ತದೆ. ಗದ್ದೆ ನೆನೆದಿದೆಯೆ ಇಲ್ಲವೆ ಎಂಬುದನ್ನು ತೋರಿಸುವುದಿಲ್ಲ. ದೊಡ್ಡ ಕಾಲುವೆ ಮುಚ್ಚಿಹೋಗಿದ್ದರೂ ಪಕ್ಕದ ಸಣ್ಣ ಬಸಿಗಾಲುವೆಗಳಿಂದ ಮಡಿಗಳು ಹಸುರಾಗಿರುವುದುಂಟು. ಕಾಲುವೆ ತೆರೆದಿದ್ದರೂ ಬದುಗಳು ಒಡೆದು ಮಡಿಗಳು ಒಣಗಿರುವುದೂ ಉಂಟು. ಗಾಯ ಮಾಯಿಸುವುದು ಧಮನಿಯಲ್ಲ; ಚರ್ಮ ಮಾಂಸಗಳಲ್ಲಿ ಹರಡಿರುವ ಕೂದಲಿಗಿಂತ ಸೂಕ್ಷ್ಮವಾದ ನಾಳಗಳಲ್ಲಿಯ ರಕ್ತ. ಅದನ್ನು ನೇರವಾಗಿ ಅಳೆಯಬೇಕೆಂಬ ಅಪೇಕ್ಷೆಯಿಂದಲೇ ವಿಕಿರಣದ್ರವ್ಯಗಳ ಪ್ರಯೋಗ ಹುಟ್ಟಿತು.

ವಿಕಿರಣದ್ರವ್ಯವೆಂದರೆ ತನ್ನ ಪರಮಾಣುಬೀಜವು ಸ್ಥಿರವಾಗಿರದೆ, ಕಿರಣಗಳನ್ನು ಹೊರಸೂಸುತ್ತ ಬೇರೆ ಸ್ಥಿತಿಗೆ ಇಳಿಯುವ ದ್ರವ್ಯ. ರಾಸಾಯನಿಕ ಸ್ವಭಾವದಲ್ಲಿ ಅದು ತನ್ನ ಜಾತಿಯ ಇತರ ಪರಮಾಣುಗಳಂತೆಯೇ ನಡೆದುಕೊಳ್ಳುತ್ತದೆ. ಆದರೆ ಹೋದಲ್ಲೆಲ್ಲ ತನ್ನ ಇರವನ್ನು ಸಾರುತ್ತದೆ. ಹಂಗೆರಿಯವನಾದ ಜಾರ್ಜ್ ಹೆವೆಸಿ ಈ ಗುಣವನ್ನು ಕುರುಹಿನಂತೆ ಬಳಸಬಹುದೆಂದು 1913ರಲ್ಲಿ ತೋರಿಸಿದನು; 1943ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಈ ಕಾರ್ಯಕ್ಕಾಗಿಯೇ ಅವನಿಗೆ ಸಂದಿತು. ಮನುಷ್ಯನ ರಕ್ತಸಂಚಾರದಲ್ಲಿ ಇದನ್ನು ಮೊದಲು ಪ್ರಯೋಗಿಸಿದವನು ಬಾಸ್ಟನ್ ನಗರದ ಹರ್ಮನ್ ಬ್ಲುಮ್‌ಗಾರ್ಟ್. 1925ರ ಸುಮಾರಿನಲ್ಲಿ ಅವನು ಒಂದು ತೋಳಿನ ಸಿರೆಗೆ ರೇಡಿಯಂನಿಂದ ಹುಟ್ಟಿದ ದ್ರವ್ಯವನ್ನು ಸೇರಿಸಿ, ಅದು ಹೃದಯ ಶ್ವಾಸಕೋಶಗಳನ್ನು ಸುತ್ತಿ ಇನ್ನೊಂದು ತೋಳಿಗೆ ಬರುವುದಕ್ಕೆ ಹಿಡಿಯುವ ಕಾಲವನ್ನು ಅಳೆದನು. ಆರೋಗ್ಯವಂತರಲ್ಲಿ ಅದು ಸುಮಾರು 18 ಸೆಕೆಂಡು. ಇಂಥ ಪ್ರಯೋಗವನ್ನು ಅವನು ಮೊದಲು ಮಾಡಿಕೊಂಡದ್ದು ತನ್ನ ಮೈಮೇಲೆಯೇ.

ವೇಗವನ್ನು ತಿಳಿಯುವುದು ಬೇರೆ, ಇಂತಿಷ್ಟು ಮಾಂಸಕ್ಕೆ ಇಂತಿಷ್ಟು ರಕ್ತವೆಂದು ತಿಳಿಯುವುದು ಬೇರೆ. ಎರಡನೆಯದಕ್ಕೆ ದಾರಿ ತೋರಿಸಿದವನು ಸೀಮೋರ್ ಕೆಟಿ. 1949ರಲ್ಲಿ ಅವನು ಪ್ರಕಟಿಸಿದ ಯುಕ್ತಿ ಬಹು ಸರಳವಾದುದು. ವಿಕಿರಣಶೀಲ ಸೋಡಿಯಮ್ಮನ್ನು ಉಪ್ಪುನೀರಿನಲ್ಲಿ ಸ್ವಲ್ಪ ಮಾತ್ರ ಮಾಂಸಖಂಡಕ್ಕೆ ಚುಚ್ಚಿ, ಅದರ ಮೇಲೆ ಕಿರಣಗಳನ್ನು ಎಣಿಸುವ ಯಂತ್ರವನ್ನಿಟ್ಟು ಕಾದಿರಬೇಕು. ರಕ್ತವು ಹರಿದುಬಂದಂತೆಲ್ಲ ಅದು ಕೊಚ್ಚಿಹೋಗಿ ಎಣಿಕೆ ಇಳಿಯುತ್ತದೆ. ಬೇಗ ಇಳಿದರೆ ರಕ್ತ ಹೆಚ್ಚು, ನಿಧಾನವಾಗಿ ಇಳಿದರೆ ಕಡಿಮೆ. ಕೋಪನ್‌ಹೇಗನ್ ನಗರದ ನೀಲ್ಸ್ ಲಾಸೆನ್ ಮತ್ತು ಅವನ ಸಂಗಡಿಗರು 1964ರಲ್ಲಿ ಸೋಡಿಯಮ್ಮಿಗೆ ಬದಲಾಗಿ ಝೆನಾನ್ 133 ಎಂಬ ಅನಿಲವನ್ನು ಮಾಂಸಖಂಡದಲ್ಲಿ ಬಳಸಿದರು. ಇದು ಯಾವ ಪದಾರ್ಥದೊಡನೆಯೂ ಕೂಡದೆ ಜೀವಕೋಶಗಳ ಒಳಹೊರಗೆ ನಿರಾತಂಕವಾಗಿ ಸಂಚರಿಸುತ್ತದೆ. ಶ್ವಾಸಕೋಶವನ್ನು ತಲುಪಿದೊಡನೆ ಉಸಿರಿನಲ್ಲಿ ಬಹುಪಾಲು ಹೊರಟುಹೋಗುವುದರಿಂದ ಮರಳಿ ಕಾಲಿಗೆ ಬಂದು ಲೆಕ್ಕವನ್ನು ಕೆಡಿಸುವುದಿಲ್ಲ.

ಲೆಕ್ಕದ ರೀತಿಯನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಎಣಿಕೆಯು ಅರ್ಧಕ್ಕೆ ಇಳಿಯಲು 20 ನಿಮಿಷ ಹಿಡಿಯಿತೆಂದು ಇಟ್ಟುಕೊಳ್ಳೋಣ. 0.693ನ್ನು 20ರಿಂದ ಭಾಗಿಸಿದರೆ ನಿಮಿಷವೊಂದಕ್ಕೆ ಇಳಿತದ ಪ್ರಮಾಣ ಸುಮಾರು 0.035 ಆಗುತ್ತದೆ. ಒಂದೇ ತೂಕದ ರಕ್ತ ಮಾಂಸಗಳಲ್ಲಿ ಝೆನಾನು ಹಂಚಿಕೊಳ್ಳುವ ಅನುಪಾತ ಸುಮಾರು 0.7. ಇವೆರಡನ್ನು ಗುಣಿಸಿ, 100 ಗ್ರಾಮಿನ ಲೆಕ್ಕಕ್ಕಾಗಿ ಮತ್ತೆ 100ರಿಂದ ಗುಣಿಸಿದರೆ, 100 ಗ್ರಾಮ್ ಮಾಂಸಕ್ಕೆ ನಿಮಿಷಕ್ಕೆ 2.4 ಮಿಲಿಲೀಟರು ರಕ್ತವೆಂದು ಬರುತ್ತದೆ. ಅಮೆರಿಕದ ವೆಸ್ಲಿ ಮೂರ್ ಎಂಬ ಶಸ್ತ್ರವೈದ್ಯನು ಈ ಅನಿಲವನ್ನು ಮಾಂಸಕ್ಕೆ ಬದಲಾಗಿ, ಛೇದಿಸಬೇಕೆಂದಿರುವ ಎಡೆಯ ಚರ್ಮದೊಳಕ್ಕೇ ಸೇರಿಸಿ, ಅಲ್ಲಿಯ ರಕ್ತವನ್ನು ಅಳೆದು ಛೇದಸ್ಥಾನವನ್ನು ನಿರ್ಣಯಿಸಬಹುದೆಂದು 1973ರಲ್ಲಿ ಪ್ರತಿಪಾದಿಸಿದನು. ಮುಂದೆ ಆ ಪಂಗಡದವರು ಮೇರೆಯಾಗಿ ಇಟ್ಟುಕೊಂಡ ಸಂಖ್ಯೆಯೂ ಈ 2.4ರ ಸುಮಾರಿನದೇ.

ಇಷ್ಟು ಸ್ಪಷ್ಟವಾದ ಸಂಖ್ಯೆ ದೊರೆತ ಮೇಲೆ ವಿವಾದ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಸೂಜಿ ಚುಚ್ಚಿದ ಮಾತ್ರದಿಂದಲೇ ಚರ್ಮವು ಕೆರಳಿ ಅಲ್ಲಿ ರಕ್ತ ಹೆಚ್ಚುತ್ತದೆ. ಅನಿಲವು ಚರ್ಮದ ಕೆಳಗಿನ ಕೊಬ್ಬಿನಲ್ಲಿ ನಿಂತುಬಿಟ್ಟರೆ ಇಳಿತವು ವೃಥಾ ನಿಧಾನವಾಗುತ್ತದೆ. ಕೋಣೆಯ ಚಳಿಯಿಂದ ನಾಳಗಳು ಕುಗ್ಗುತ್ತವೆ. ಒಂದು ಗೆರೆಯ ಆಚೆ ಈಚೆಗಳಲ್ಲಿ ಒಬ್ಬನ ಮೊಣಕಾಲು ನಿಂತಿರುವಾಗ ಈ ಸಣ್ಣ ದೋಷಗಳು ಸಣ್ಣವಲ್ಲ. ಆ ಪಂಗಡದಲ್ಲಿಯೇ ಹಿಂದೆ ಕೆಲಸಮಾಡಿದ್ದ ಮ್ಯಾಲೋನ್ ಮತ್ತು ಇತರರು 1987ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಒರೆಹಚ್ಚಿ ನೋಡಿ, ಝೆನಾನಿನ ಲೆಕ್ಕಕ್ಕಿಂತ ಚರ್ಮದ ಮೇಲೆ ಆಮ್ಲಜನಕದ ಒತ್ತಡವನ್ನು ಅಳೆಯುವ ಕ್ರಮವೇ ನಂಬಲು ಯೋಗ್ಯವೆಂದು ತಿಳಿಸಿದರು. ತಾವೇ ಬೆಳೆಸಿದ ವಿಧಾನಕ್ಕೆ ವಿರುದ್ಧವಾದ ಫಲವನ್ನು ಮುಚ್ಚದೆ ಪ್ರಕಟಿಸಿದ್ದು ಶ್ಲಾಘ್ಯವಾದುದು. ಝೆನಾನಿನ ಪರೀಕ್ಷೆಯು ಆಮೇಲೆ ಕ್ರಮೇಣ ಬಳಕೆಯಿಂದ ಬಿಟ್ಟುಹೋಯಿತು.

ಕೋಪನ್‌ಹೇಗನ್ನಿನಲ್ಲಿಯೇ ಹೋಲ್‌ಸ್ಟೈನ್ ಎಂಬ ವೈದ್ಯನು ಇದೇ ಯುಕ್ತಿಯನ್ನು ಇನ್ನೊಂದು ರೀತಿಯಲ್ಲಿ ತಿರುಗಿಸಿದನು. ರಕ್ತದ ಪರಿಮಾಣವನ್ನು ಅಳೆಯುವುದಕ್ಕಿಂತ ಅದನ್ನು ನೂಕುವ ಬಲವನ್ನು ಅಳೆಯುವುದು ಸುಲಭವೆಂಬುದು ಅವನ ಅಭಿಪ್ರಾಯ. ವಿಕಿರಣದ್ರವ್ಯಕ್ಕೆ ನಾಳಗಳನ್ನು ಹಿಗ್ಗಿಸುವ ಹಿಸ್ಟಮಿನ್ ಎಂಬ ಪದಾರ್ಥವನ್ನು ಬೆರಸಿ ಚರ್ಮದೊಳಕ್ಕೆ ಸೇರಿಸಿ, ಆ ಜಾಗದ ಮೇಲೆ ಪಟ್ಟಿಯನ್ನು ಕಟ್ಟಿ ಮೆಲ್ಲಮೆಲ್ಲನೆ ಒತ್ತಬೇಕು. ಯಾವ ಒತ್ತಡದಲ್ಲಿ ದ್ರವ್ಯವು ಕೊಚ್ಚಿಹೋಗುವುದು ನಿಲ್ಲುತ್ತದೆಯೋ ಅದೇ ಚರ್ಮದ ರಕ್ತದ ಒತ್ತಡ. ಹಿಸ್ಟಮಿನ್ ಮೊದಲೇ ನಾಳಗಳನ್ನು ತೆರೆದಿರುವುದರಿಂದ ಸೂಜಿಯ ಕೆರಳಿಕೆಯೂ ಕೋಣೆಯ ಚಳಿಯೂ ಇಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ. ಪಾದರಸದ 30 ಮಿಲಿಮೀಟರಿಗೆ ಮೇಲಿದ್ದವರ ಮೊಂಡು ಸಾಮಾನ್ಯವಾಗಿ ಮಾಯಿತು. 20ಕ್ಕೆ ಕೆಳಗಿದ್ದವರದು ಬಹುಮಟ್ಟಿಗೆ ಮಾಯಲಿಲ್ಲ. ನಡುವೆ ಇರುವವರ ವಿಷಯದಲ್ಲಿ ಸಂದೇಹ ಉಳಿಯಿತು. ಮತ್ತು ವೈದ್ಯನಿಗೆ ಸಹಾಯ ಬೇಕಾಗಿರುವುದು ಈ ನಡುವಿನವರ ವಿಷಯದಲ್ಲಿಯೇ. ಚರ್ಮದ ರಕ್ತದ ಒತ್ತಡವೆಂಬ ಈ ಭಾವನೆ ಇಂದಿಗೂ ಬದುಕಿದೆ. ಆದರೆ ಅದನ್ನು ಈಗ ಅಳೆಯುವುದು ಲೇಸರ್ ಬೆಳಕಿನಿಂದ.

ಮೇಲೆ ಹೇಳಿದವುಗಳಲ್ಲಿ ಚಿತ್ರವಿಲ್ಲ. ಒಂದೊಂದು ಬಿಂದುವಿನ ಅಳತೆ ಮಾತ್ರ ಇದೆ. ಇಡೀ ಕಾಲಿನ ಚಿತ್ರ ಬೇಕಾದರೆ ಎರಡು ಸಾಮಗ್ರಿಗಳು ಅವಶ್ಯಕ. ಒಂದು, ಹಾಲ್ ಆಂಗರ್ ಎಂಬ ಅಮೆರಿಕದ ಎಂಜಿನಿಯರು 1958ರ ವೇಳೆಗೆ ಸಿದ್ಧಪಡಿಸಿದ ಗಾಮಾ ಕ್ಯಾಮರಾ. ಇದು ಮೈಯಿಂದ ಹೊರಡುವ ಕಿರಣಗಳನ್ನು ದೊಡ್ಡ ಹರಳಿನ ಮೇಲೆ ಹಿಡಿದು, ಪ್ರತಿಯೊಂದೂ ಬಿದ್ದ ಸ್ಥಳವನ್ನು ಗುರುತಿಸುತ್ತದೆ. ಇನ್ನೊಂದು, ಟೆಕ್ನೀಷಿಯಂ 99ಎಂ. ಈ ಧಾತುವು ಭೂಮಿಯಲ್ಲಿ ಎಣಿಕೆಗೆ ಸಿಕ್ಕುವಷ್ಟು ಇಲ್ಲ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಸೆಗ್ರೆ ಮತ್ತು ಪೆರ್ಯೇ ಎಂಬವರು ಇದನ್ನು ಕೃತಕವಾಗಿ ಉಂಟಾದುದೆಂದು ಗುರುತಿಸಿದರು. ಇದರ ಅರ್ಧಾಯುಷ್ಯ 6 ಗಂಟೆ. ಅಂದರೆ ಇಂದು ಬೆಳಗ್ಗೆ ಕೊಟ್ಟದ್ದರಲ್ಲಿ ನಾಳೆ ಬೆಳಗ್ಗೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಚಿತ್ರ ತೆಗೆಯುವುದಕ್ಕೆ ಸಾಕಷ್ಟು ಕಾಲ, ರೋಗಿಯನ್ನು ಬಾಧಿಸದಷ್ಟು ಅಲ್ಪಾಯುಷ್ಯ. ಆರು ಗಂಟೆಗಳಲ್ಲಿ ಅರ್ಧವಾಗುವ ಪದಾರ್ಥವನ್ನು ದೂರದ ಆಸ್ಪತ್ರೆಗಳಿಗೆ ಸಾಗಿಸುವುದು ಹೇಗೆಂಬ ಶಂಕೆ ಹುಟ್ಟಬಹುದು. ಸಾಗಿಸುವುದು ಅದನ್ನಲ್ಲ, ಅದರ ತಾಯಿಯಾದ ಮಾಲಿಬ್ಡಿನಂ 99 ಎಂಬುದನ್ನು. ಇದರ ಅರ್ಧಾಯುಷ್ಯ 66 ಗಂಟೆ. ಸೀಸದ ಕವಚದೊಳಗಿನ ಕೊಳವೆಯಲ್ಲಿ ಇದು ಕುಳಿತಿರುತ್ತದೆ. ಉಪ್ಪುನೀರನ್ನು ಹಾಯಿಸಿದರೆ ಮಗಳಾದ ಟೆಕ್ನೀಷಿಯಂ ಮಾತ್ರ ಇಳಿದುಬರುತ್ತದೆ. ಮರುದಿನ ಮತ್ತೆ ಕರೆಯಬಹುದು. ಪಾಶ್ಚಾತ್ಯ ವಿಜ್ಞಾನಿಗಳು ಈ ಯಂತ್ರವನ್ನು ಹಸುವೆಂದೇ ಕರೆಯುತ್ತಾರೆಂಬುದು ನಮ್ಮವರಿಗೆ ಪ್ರಿಯವಾದೀತು. ಭಾರತದಲ್ಲಿ 1956ರಲ್ಲಿ ಟ್ರಾಂಬೆಯ ಅಪ್ಸರಾ ಕ್ರಿಯಾಕಾರಿಯು ಆರಂಭವಾದಂದಿನಿಂದ ವಿಕಿರಣದ್ರವ್ಯಗಳ ಉತ್ಪಾದನೆಗೆ ದಾರಿಯಾಯಿತು. 1963ರಲ್ಲಿ ಮುಂಬಯಿಯಲ್ಲಿ ವಿಕಿರಣವೈದ್ಯ ಕೇಂದ್ರವು ಸ್ಥಾಪಿತವಾಯಿತು.

ಆಯುರ್ವೇದದಲ್ಲಿ ಖಲೇಕಪೋತನ್ಯಾಯವೆಂಬ ಇನ್ನೊಂದು ದೃಷ್ಟಾಂತವುಂಟು. ಕಣದಲ್ಲಿ ಕಾಳನ್ನು ತಿಂದ ಪಾರಿವಾಳಗಳು ತಂತಮ್ಮ ಗೂಡಿಗೆ ತಂತಮ್ಮ ದಾರಿಯಿಂದ ಹೋಗುವಂತೆ ದ್ರವ್ಯಗಳೂ ತಮಗೆ ಉಚಿತವಾದ ಧಾತುವನ್ನು ಸೇರುತ್ತವೆ. ಟೆಕ್ನೀಷಿಯಂ ಒಂಟಿಯಾಗಿ ಉಪಯೋಗಕ್ಕೆ ಬರುವುದು ಸ್ವಲ್ಪ; ಅದನ್ನು ಯಾವುದಕ್ಕೆ ಕಟ್ಟುವರೋ ಅದರ ಗೂಡಿಗೆ ಅದು ಹೋಗುತ್ತದೆ. ಆಲ್ಬುಮಿನ್ನಿನ ಕಣಗಳಿಗೆ ಕಟ್ಟಿ ತೊಡೆಯ ಧಮನಿಗೆ ಸೇರಿಸಿದರೆ, ಕಣಗಳು ಸೂಕ್ಷ್ಮನಾಳಗಳಿಗಿಂತ ದಪ್ಪವಾಗಿರುವುದರಿಂದ ರಕ್ತ ಹೋದ ಕಡೆಯಲ್ಲೆಲ್ಲ ಸಿಕ್ಕಿಕೊಂಡು ನಿಲ್ಲುತ್ತವೆ. 1970ರ ದಶಕದಲ್ಲಿ ಈ ಕ್ರಮವನ್ನು ಪರೀಕ್ಷಿಸಿದರು. ಧಮನಿಯನ್ನೇ ಚುಚ್ಚಬೇಕಾದುದು ಇದರ ತೊಡಕು. ಥ್ಯಾಲಿಯಂ 201ಕ್ಕೆ ಕಟ್ಟುವ ಆವಶ್ಯಕತೆಯಿಲ್ಲ. ಅದು ಪೊಟ್ಯಾಸಿಯಮ್ಮಿನ ವೇಷದಲ್ಲಿ ಜೀವವಿರುವ ಮಾಂಸಕೋಶಗಳೊಳಕ್ಕೆ ಹೋಗಿಬಿಡುತ್ತದೆ. ತೋಳಿನ ಸಿರೆಗೆ ಕೊಟ್ಟರೆ ಸಾಕು. ಅಮೆರಿಕದ ಸೀಗೆಲ್ ಮತ್ತು ಸಂಗಡಿಗರು ಇದರಿಂದ ಕಾಲಿನ ಹುಣ್ಣುಗಳನ್ನು ಪರೀಕ್ಷಿಸಿ, ಸುತ್ತಲಿನ ಮಾಂಸಕ್ಕಿಂತ ಹುಣ್ಣಿನ ಬುಡದಲ್ಲಿ ದ್ರವ್ಯವು ಹೆಚ್ಚಾಗಿ ಸೇರಿದ್ದರೆ ಹುಣ್ಣು ಮಾಯುವ ಲಕ್ಷಣವೆಂದು 1982ರಲ್ಲಿ ಬರೆದರು. ಇದು ಮನನಕ್ಕೆ ಯೋಗ್ಯವಾದ ಮಾತು. ಮಾಯುವ ಗಾಯಕ್ಕೆ ಸುಮ್ಮನಿರುವ ಚರ್ಮಕ್ಕಿಂತ ಎಷ್ಟೋ ಹೆಚ್ಚು ರಕ್ತ ಬೇಕು. ಆದುದರಿಂದ ವಿಶ್ರಾಂತಿಯಲ್ಲಿ ಎಷ್ಟು ರಕ್ತವಿದೆಯೆಂಬುದಕ್ಕಿಂತ, ಬೇಕಾದಾಗ ಎಷ್ಟು ಹೆಚ್ಚಿಸಿಕೊಳ್ಳಬಲ್ಲದೆಂಬುದೇ ಮುಖ್ಯ ಪ್ರಶ್ನೆ.

ಈಗ ಪ್ರಚಾರದಲ್ಲಿರುವವು ಹೃದಯದ ಪರೀಕ್ಷೆಗಾಗಿ ಸಿದ್ಧವಾದ ಸೆಸ್ಟಮಿಬಿ, ಟೆಟ್ರೋಫಾಸ್ಮಿನ್ ಎಂಬ ಎರಡು ಸಂಯುಕ್ತಗಳು. ಟೆಕ್ನೀಷಿಯಂ ಕಟ್ಟಿದ ಇವನ್ನು ಸಿರೆಗೆ ಕೊಟ್ಟರೆ ರಕ್ತದೊಡನೆ ಹರಿದು, ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಗಳಲ್ಲಿ ನೆಲೆಸುತ್ತವೆ. ಸತ್ತ ಕೋಶದಲ್ಲಿ ನೆಲೆಯಿಲ್ಲ. ಆದಕಾರಣ ಒಂದೇ ಚಿತ್ರದಿಂದ ರಕ್ತ ಬಂದಿತೆಂಬುದೂ ಅದನ್ನು ಬರಮಾಡಿಕೊಳ್ಳುವ ಜೀವ ಅಲ್ಲಿದೆಯೆಂಬುದೂ ತಿಳಿಯುತ್ತವೆ. ಕ್ಯಾಮರಾವನ್ನು ಕಾಲಿನ ಸುತ್ತ ತಿರುಗಿಸಿ ಅಡ್ಡಕೊಯ್ತದ ಚಿತ್ರಗಳನ್ನು ರಚಿಸುವುದೂ, ಅದೇ ಮೇಜಿನ ಮೇಲೆ ಕ್ಷಕಿರಣದಿಂದ ಎಲುಬು ಮಾಂಸಗಳ ಚಿತ್ರವನ್ನು ತೆಗೆದು ಒಂದರ ಮೇಲೊಂದನ್ನು ಇಡುವುದೂ ಈಗ ಸಾಧ್ಯ. ಇದರಿಂದೇನಾಯಿತೆಂದರೆ, ಪಾದವನ್ನು ಹೋಬಳಿಗಳಂತೆ ವಿಭಾಗಿಸಿ ಒಂದೊಂದರ ಲೆಕ್ಕವನ್ನು ಬೇರೆಬೇರೆಯಾಗಿ ನೋಡುವ ದಾರಿ ತೆರೆಯಿತು. ದೇಹದ ಪ್ರತಿಯೊಂದು ಧಮನಿಯೂ ಚರ್ಮದಿಂದ ಎಲುಬಿನವರೆಗೆ ಒಂದು ಖಂಡವನ್ನು ಪೋಷಿಸುತ್ತದೆಂಬ ಸಿದ್ಧಾಂತವನ್ನು ಆಸ್ಟ್ರೇಲಿಯದ ಇಯಾನ್ ಟೇಲರ್ 1987ರಲ್ಲಿ ಪ್ರಕಟಿಸಿದ್ದನು. ಹಿಮ್ಮಡಿಯ ಖಂಡ, ಅಂಗಾಲಿನ ಖಂಡ, ಮೇಲ್ಗಾಲಿನ ಖಂಡ ಇವುಗಳಲ್ಲಿ ಯಾವುದು ಒಣಗಿದೆಯೆಂಬುದನ್ನು ಈ ಕೂಡುಚಿತ್ರ ತೋರಿಸುತ್ತದೆ. ಅಮೆರಿಕದ ಮಿಚೆಲ್ ಸ್ಟೇಸಿ ಮತ್ತು ಸಂಗಡಿಗರು ಇದೇ ಕ್ರಮದಿಂದ ಕಾಲಿನ ನಾಳಗಳನ್ನು ತೆರೆಯುವ ಚಿಕಿತ್ಸೆಗೆ ಮೊದಲೂ ಆಮೇಲೂ ಚಿತ್ರ ತೆಗೆದು, ರಕ್ತವು ನಿಜವಾಗಿ ಹೆಚ್ಚಿದವರಲ್ಲಿ ಕಾಲು ಉಳಿಯುವ ಸಂಭವ ಹೆಚ್ಚೆಂದು 2021ರಲ್ಲಿ ತೋರಿಸಿದರು. ನಾಳವನ್ನು ತೆರೆದುದು ಚಿತ್ರದಲ್ಲಿ ಎಷ್ಟೇ ಸುಂದರವಾಗಿ ಕಂಡರೂ ಗದ್ದೆಗೆ ನೀರು ಹೋಗಿಲ್ಲದಿದ್ದರೆ ಫಲವಿಲ್ಲವೆಂಬುದು ಇದರಿಂದ ಸ್ಥಿರಪಟ್ಟಿತು.

ಆಮ್ಲಜನಕ 15 ಕೂಡಿದ ನೀರಿನಿಂದ ರಕ್ತವನ್ನು ಇನ್ನೂ ನಿಷ್ಕೃಷ್ಟವಾಗಿ ಅಳೆಯಬಹುದು. ಅದರ ಅರ್ಧಾಯುಷ್ಯ ಎರಡೇ ನಿಮಿಷವಾದುದರಿಂದ, ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಪಕ್ಕದ ಕೋಣೆಯಲ್ಲಿಯೇ ಇರಬೇಕು. ಜಿಲ್ಲಾ ಆಸ್ಪತ್ರೆಯ ರೋಗಿಗೆ ಇದರ ಮಾತು ಅನವಶ್ಯಕ.

ಬೈಜಿಕ ಚಿತ್ರದ ಮಾತು ನಿರ್ವಿವಾದವಾಗಿ ನಡೆಯುವ ಕ್ಷೇತ್ರವೊಂದುಂಟು. ಅದು ಹಿಮದಿಂದ ಮರಗಟ್ಟಿದ ಅಂಗ. ಫ್ರಾನ್ಸಿನ ಶಮೋನಿ ಎಂಬ ಊರು ಮೋಬ್ಲಾಂ ಶಿಖರದ ಬುಡದಲ್ಲಿದೆ. ಅಲ್ಲಿಯ ಆಸ್ಪತ್ರೆಗೆ ಬೆರಳುಗಳು ಹೆಪ್ಪುಗಟ್ಟಿದ ಪರ್ವತಾರೋಹಿಗಳು ಬರುತ್ತಲೇ ಇರುತ್ತಾರೆ. ಇಂಥವರಲ್ಲಿ ಸತ್ತ ಭಾಗವು ಕಪ್ಪಾಗಿ, ಒಣಗಿ, ಜೀವವಿರುವ ಭಾಗದಿಂದ ಬೇರ್ಪಡುವವರೆಗೆ ವಾರಗಟ್ಟಲೆ ಕಾದು ಆಮೇಲೆ ಛೇದಿಸುವುದು ಹಿಂದಿನ ಪದ್ಧತಿ. ಕಾಯದೆ ಛೇದಿಸಿದವರು ಬದುಕಬಹುದಾದ ಬೆರಳುಗಳನ್ನೂ ಕಳೆಯುತ್ತಿದ್ದರು. ಆ ಊರಿನ ವೈದ್ಯನಾದ ಎಮ್ಮಾನ್ಯುಯೆಲ್ ಕೊಶಿ ಮತ್ತು ಸಂಗಡಿಗರು 92 ಮಂದಿಯ ಚಿತ್ರಗಳನ್ನು ಹಿನ್ನೋಟದಿಂದ ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದರು. ಎಲುಬನ್ನು ಸೇರುವ ಸಂಯುಕ್ತಕ್ಕೆ ಟೆಕ್ನೀಷಿಯಮ್ಮನ್ನು ಕಟ್ಟಿ ಮೊದಲ ಕೆಲವು ದಿನಗಳಲ್ಲಿಯೇ ಚಿತ್ರ ತೆಗೆದರೆ, ಬೆಳಕು ಕಾಣಿಸದೆ ಕತ್ತಲಾಗಿ ಉಳಿದ ಗೆರೆಯೇ ಮುಂದೆ ಛೇದದ ಗೆರೆಯಾಗುವುದು ಬಹುಮಟ್ಟಿಗೆ ಸರಿಹೋಯಿತು. ಇದರ ಪ್ರಯೋಜನವು ಛೇದವನ್ನು ಬೇಗ ಮಾಡುವುದರಲ್ಲಿ ಮಾತ್ರ ಇಲ್ಲ. ಯಾವ ರೋಗಿಯ ಬೆರಳು ಅಪಾಯದಲ್ಲಿದೆಯೆಂಬುದು ಮೊದಲೇ ತಿಳಿದರೆ, ಅದನ್ನು ಉಳಿಸುವ ಔಷಧವನ್ನು ಹೊತ್ತು ಮೀರುವ ಮೊದಲೇ ಕೊಡಬಹುದು. 2011ರಲ್ಲಿ ಅವರೇ ಐಲೊಪ್ರೋಸ್ಟ್ ಎಂಬ ಔಷಧವನ್ನು ಪರೀಕ್ಷಿಸಿದಾಗ ಫಲಾಫಲವನ್ನು ತೂಗುವುದಕ್ಕೆ ಈ ಚಿತ್ರವನ್ನೇ ಉಪಯೋಗಿಸಿದರು.

ಹಿಮದ ವಿಷಯದಲ್ಲಿ ಸಾಧಿಸಿದ್ದು ಮಧುಮೇಹದ ವಿಷಯದಲ್ಲಿ ಏಕೆ ಸಾಧಿಸಲಿಲ್ಲವೆಂದು ಕೇಳಬಹುದು. ಹಿಮದ ಪೆಟ್ಟು ಒಂದೇ ದಿನದ್ದು. ಪೆಟ್ಟು ಬೀಳುವುದಕ್ಕೆ ಮೊದಲು ಆ ತರುಣನ ನಾಳಗಳು ಆರೋಗ್ಯವಾಗಿದ್ದವು. ಅಲ್ಲಿ ಜೀವಕ್ಕೂ ಸಾವಿಗೂ ನಡುವಿನ ಗೆರೆ ಚೂಪಾಗಿರುತ್ತದೆ. ಮಧುಮೇಹಿಯ ಕಾಲಿನಲ್ಲಿ ಗೆರೆಯೇ ಇಲ್ಲ. ಸಂಜೆಯ ಬೆಳಕಿನಂತೆ ಮೇಲಿನಿಂದ ಕೆಳಕ್ಕೆ ಕ್ರಮೇಣ ಮಂಕಾಗುತ್ತ ಹೋಗುತ್ತದೆ. ಇದರ ಮೇಲೆ ಸೋಂಕು ಸೇರಿದರೆ ಇನ್ನೊಂದು ಹೇತ್ವಾಭಾಸ ಹುಟ್ಟುತ್ತದೆ. ಸೋಂಕಿರುವ ಕಡೆ ರಕ್ತ ನುಗ್ಗುವುದರಿಂದ ಕೀವು ತುಂಬಿದ ಪಾದವು ಚಿತ್ರದಲ್ಲಿ ಉಜ್ಜ್ವಲವಾಗಿ ಕಾಣಬಹುದು. ಬೆಳಗುತ್ತಿದೆ, ಆದುದರಿಂದ ಉಳಿಯುತ್ತದೆ ಎಂದು ಹೇಳುವುದಕ್ಕೆ ಆಗ ಬಾಯಿ ಬರುವುದಿಲ್ಲ. ಹಾಗೆಯೇ ಸೆಸ್ಟಮಿಬಿ ಮುಂತಾದವು ಮಾಂಸವನ್ನು ಸೇರುವವು. ಮೊಂಡನ್ನು ಮುಚ್ಚುವುದು ಚರ್ಮ. ಮಾಂಸ ಬೆಳಗಿ ಚರ್ಮ ಬಾಡಿರುವುದೂ ಉಂಟು. ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದ ಚರ್ಮಕ್ಕಿಂತ ಹಿಂದಿನ ಮೀನಖಂಡದ ಭಾಗಕ್ಕೆ ರಕ್ತ ಹೆಚ್ಚೆಂಬುದನ್ನರಿತು, ಹಿಂದಿನ ಮಾಂಸವನ್ನು ಚರ್ಮಸಹಿತ ಉದ್ದವಾಗಿ ಉಳಿಸಿ ಮುಂದಕ್ಕೆ ಮಡಿಸಿ ಹೊಲಿಯುವ ಕ್ರಮವನ್ನು ಅಮೆರಿಕದ ಅರ್ನೆಸ್ಟ್ ಬರ್ಜೆಸ್ ಪ್ರಚಾರಕ್ಕೆ ತಂದನು. ಅಂಕಿಗಳಲ್ಲಿ ಮಾಯದೆಂದು ಕಂಡ ಎಷ್ಟೋ ಮೊಂಡುಗಳು ಈ ಹೊಲಿಗೆಯಿಂದ ಮಾಯಿವೆ. ಶಸ್ತ್ರಕೌಶಲವೂ ಕಾರಣಗಳಲ್ಲಿ ಒಂದಾಗಿರುವಾಗ, ರಕ್ತವೊಂದನ್ನೇ ಅಳೆಯುವ ಯಂತ್ರವು ಫಲವನ್ನು ಪೂರ್ಣವಾಗಿ ಹೇಳಬೇಕೆಂದು ನಿರೀಕ್ಷಿಸುವುದು ಯಂತ್ರಕ್ಕೆ ಅನ್ಯಾಯ.

ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘವು ಹುಣ್ಣು, ರಕ್ತದ ಕೊರತೆ, ಸೋಂಕು ಈ ಮೂರನ್ನೂ ಕೂಡಿಸಿ ಕಾಲಿನ ಅಪಾಯವನ್ನು ವರ್ಗೀಕರಿಸುವ ಪದ್ಧತಿಯೊಂದನ್ನು 2014ರಲ್ಲಿ ಪ್ರಕಟಿಸಿತು. ಅದರಲ್ಲಿ ರಕ್ತದ ಕೊರತೆಗೆ ಹರಡಿನ ಒತ್ತಡ, ಹೆಬ್ಬೆರಳಿನ ಒತ್ತಡ, ಚರ್ಮದ ಆಮ್ಲಜನಕ ಇವುಗಳೇ ಅಳತೆಗಳು. ಬೈಜಿಕ ಚಿತ್ರಕ್ಕೆ ಅಲ್ಲಿ ಸ್ಥಾನ ದೊರೆತಿಲ್ಲ. ಇದನ್ನು ತಿರಸ್ಕಾರವೆಂದು ತಿಳಿಯಬೇಕಾಗಿಲ್ಲ. ಮೇರೆಯ ಅಂಕಿ ಇಂತಿಷ್ಟೆಂದು ಹಲವು ಆಸ್ಪತ್ರೆಗಳಲ್ಲಿ ಒಂದೇ ರೀತಿಯಾಗಿ ಅಳೆದು ಸ್ಥಾಪಿಸುವ ಕೆಲಸ ಇನ್ನೂ ಉಳಿದಿದೆ. ಅಲ್ಲಿಯವರೆಗೆ ಈ ಚಿತ್ರದ ಉಪಯೋಗವು ನಿಷೇಧರೂಪದ್ದೆನ್ನಬಹುದು. ಚಿತ್ರದಲ್ಲಿ ಮೀನಖಂಡವು ಪೂರ್ತಿ ಕತ್ತಲಾಗಿದ್ದರೆ ಮೊಣಕಾಲಿನ ಕೆಳಗೆ ಛೇದಿಸುವ ಸಾಹಸ ಕೂಡದು. ಬೆಳಗಿದ್ದರೆ, ಸೋಂಕಿಲ್ಲವೆಂಬುದನ್ನು ಬೇರೆ ವಿಧದಿಂದ ನಿಶ್ಚಯಿಸಿಕೊಂಡು, ಇತರ ಅಳತೆಗಳೊಡನೆ ತೂಗಿನೋಡಬೇಕು. ಒತ್ತಡದ ಪಟ್ಟಿಯು ಸುಳ್ಳು ಹೇಳುವ ಗಡುಸು ಧಮನಿಗಳ ಮಧುಮೇಹಿಯಲ್ಲಿ ಇದರ ಸಾಕ್ಷ್ಯಕ್ಕೆ ವಿಶೇಷ ಬೆಲೆಯುಂಟು.

ಚಿತ್ರವನ್ನು ಯಾವಾಗ ತೆಗೆಯಬೇಕೆಂಬುದೂ ಮುಖ್ಯ. ನಾಳವನ್ನು ತೆರೆಯುವ ಸಾಧ್ಯತೆ ಇರುವವರೆಗೆ ಛೇದದ ಲೆಕ್ಕ ಅಕಾಲಿಕವಾದುದು. ತೆರೆದಾದ ಮೇಲೆ, ಕೀವನ್ನು ಹೊರತೆಗೆದು ಊತ ಇಳಿದ ತರುವಾಯ, ಬೆಚ್ಚಗಿನ ಕೋಣೆಯಲ್ಲಿ ತೆಗೆದ ಚಿತ್ರವೇ ನಿರ್ಣಯಕ್ಕೆ ಯೋಗ್ಯ. ಹಾಸಿಗೆಯಿಂದ ಏಳದೆ ವರ್ಷಗಳಾಗಿ, ಮೊಣಕಾಲು ಮಡಿಸಿಕೊಂಡು ಸೆಟೆದಿರುವ ವೃದ್ಧನಲ್ಲಿ ಈ ಪರೀಕ್ಷೆಯ ಆವಶ್ಯಕತೆಯೇ ಇಲ್ಲ. ನಡೆಯದ ಕಾಲಿನ ಕೆಳಗೆ ಉಳಿಸಿದ ಮೊಂಡು ಹಾಸಿಗೆಗೆ ಒತ್ತಿ ಮತ್ತೆ ಹುಣ್ಣಾಗುವುದರಿಂದ, ಅಲ್ಲಿ ಮೇಲಿನ ಛೇದವೇ ದಯೆ. ಪರೀಕ್ಷೆಗಳೆಲ್ಲ ಮುಗಿದು ಶಸ್ತ್ರವನ್ನಿಟ್ಟ ಮೇಲೆಯೂ, ಚರ್ಮದ ಅಂಚಿನಿಂದ ಕೆಂಪಾದ ರಕ್ತ ಜಿನುಗುತ್ತದೆಯೇ, ಕೊಯ್ದ ಮಾಂಸವು ಕದಲುತ್ತದೆಯೇ ಎಂದು ಶಸ್ತ್ರವೈದ್ಯನು ನೋಡುತ್ತಾನೆ. ಇಲ್ಲವೆಂದು ಕಂಡರೆ ಇನ್ನಷ್ಟು ಮೇಲಕ್ಕೆ ಹೋಗುತ್ತಾನೆ. ಅದಕ್ಕಾಗಿಯೇ, ಶಸ್ತ್ರಕರ್ಮಕ್ಕೆ ಮೊದಲು ರೋಗಿಯಿಂದಲೂ ಅವನ ಮನೆಯವರಿಂದಲೂ ಒಪ್ಪಿಗೆ ಪಡೆಯುವಾಗ, ಮೊಣಕಾಲಿನ ಮೇಲಕ್ಕೆ ಹೋಗಬೇಕಾದೀತೆಂಬ ಮಾತನ್ನೂ ಹೇಳಿ ಬರೆಯಿಸಿಕೊಳ್ಳುವುದು ವಾಡಿಕೆಯಾಗಿದೆ.